ಎರಡೇ ಗೈರುಹಾಜರಿ

ಹೇಸ್, ಲಂಡನ್
೮ ಜೂನ್ ೨೦೨೫, ಭಾನುವಾರ

ಅತ್ತೆಯವರಿಗೆ ಸುವರ್ಣಾಳ ಶರಣು.

ನೀವು ವಿಜಯಪುರ ಮುಟ್ಟಿ ಆರು ವಾರವಾಯಿತು. ಫೋನಿನಲ್ಲಿ ನಿಮ್ಮ ಕಿವಿಗೆ ಬೀಳಬೇಕೆಂದರೆ ನಾನು ಕಿರುಚಬೇಕು. ಕಿರುಚಿ ಹೇಳುವಂಥ ವಿಷಯವಲ್ಲ ಇದು. ವಾಟ್ಸಾಪಿನಲ್ಲಿ ಬರೆದರೆ ನಿಮ್ಮ ಮಗಳ ಫೋನಿಗೆ ಬರುತ್ತದೆ, ಪ್ರಭಾ ಅಕ್ಕನೇ ಓದಿ ಹೇಳಬೇಕು. ಅದಕ್ಕೇ ಕಾಗದ ಹಿಡಿದಿದ್ದೇನೆ. ಶಾಲೆಯಲ್ಲಿ ಮೂವತ್ತು ವರ್ಷ ತಪ್ಪು ತಿದ್ದಿದವರು ನೀವು, ನನ್ನ ಅಕ್ಷರಕ್ಕೆ ನಗಬೇಡಿ.

ಕಾಲೇಜಿನ ಒಂದು ವರ್ಷದ ಕೋರ್ಸು ಪಾಸಾಯಿತು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ನೀವು ಇಲ್ಲಿದ್ದು ಕೂಸನ್ನು ನೋಡಿಕೊಂಡಿರದಿದ್ದರೆ ಆಗುತ್ತಲೇ ಇರಲಿಲ್ಲ. ಎಕ್ಸ್‌ರೇ ತೆಗೆಯುವ ವಿದ್ಯೆಯ ಪದವಿಗೆ ಯೂನಿವರ್ಸಿಟಿಯಿಂದ ಸೀಟೂ ಬಂದಿದೆ. ಆದರೆ ಒಂದು ಷರತ್ತು. ಧಾರವಾಡದಲ್ಲಿ ನಾನು ಓದಿದ್ದು ಇತಿಹಾಸ. ಹಾಗಾಗಿ ಸೆಪ್ಟೆಂಬರಿಗೆ ಮುಂಚೆ ಇದೇ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರಗಳ ಬೇಸಿಗೆ ತರಗತಿ ಮಾಡಬೇಕಂತೆ. ಜೂನ್ ೨೩ರಿಂದ ಆಗಸ್ಟ್ ೧ರವರೆಗೆ, ಆರು ವಾರ. ಕೊನೆಯ ದಿನ ಪರೀಕ್ಷೆ, ನೂರಕ್ಕೆ ಅರವತ್ತು ಬರಬೇಕು. ಎರಡು ದಿನಕ್ಕಿಂತ ಹೆಚ್ಚು ಗೈರುಹಾಜರಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕೂರದಿದ್ದರೆ ಸೀಟು ಹೋಯಿತು.

ಇದನ್ನು ಓದಿದ ಕೂಡಲೇ ನೀವು ಏನು ಕೇಳುತ್ತೀರಿ ಎಂದು ಗೊತ್ತು. ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು ನೀವು ಹೇಳಿದ್ದು ದಿನಾ ಕಿವಿಯಲ್ಲಿದೆ: "ಏನರ ಮಾಡು, ಕೂಸಿನ್ನ ಮಂದಿ ಕೈಯಾಗ ಕೊಡಬ್ಯಾಡವ್ವಾ." ಇವರು ಕಾರ್ಗೋ ಆಫೀಸಿನಲ್ಲಿ ರಾತ್ರಿ ಪಾಳಿ ಹಾಕಿಸಿಕೊಂಡಿದ್ದಾರೆ. ಹಗಲು ಶಮಂತನ ಜೊತೆ ಇವರೇ ಇರುತ್ತಾರೆ. ನೀವು ಚಿಂತೆ ಮಾಡಬೇಡಿ.

ಬರುವ ಶನಿವಾರ ಅವನಿಗೆ ಒಂದು ವರ್ಷ. ಸೋಫಾ ಹಿಡಿದು ನಿಲ್ಲುತ್ತಾನೆ.

ನಿಮ್ಮ ಸೊಸೆ
ಸುವರ್ಣಾ


ವಿಜಯಪುರ
೧೯ ಜೂನ್ ೨೦೨೫

ಚಿ. ಸುವರ್ಣಾಗೆ ಆಶೀರ್ವಾದ.

ನಿನ್ನ ಕಾಗದ ಹನ್ನೊಂದು ದಿನಕ್ಕೆ ಬಂತು. ಪ್ರಭಾ ಒಡೆಯಲು ಹೋದಳು. "ನನ್ನ ಹೆಸರೈತಿ, ಇಲ್ಲಿ ತಾ" ಎಂದು ಕಸಿದುಕೊಂಡೆ. ಇಷ್ಟು ವಯಸ್ಸಾದ ಮೇಲೆ ನನ್ನ ಹೆಸರಿಗೆ ಬರುವುದು ಕರೆಂಟ್ ಬಿಲ್ಲು ಒಂದೇ ಎಂದುಕೊಂಡಿದ್ದೆ.

ಸೀಟು ಸಿಕ್ಕಿದ್ದು ಸಂತೋಷ. ಗಣಿತಕ್ಕೆ ಹೆದರಬೇಡ, ದಿನಾ ಹತ್ತು ಲೆಕ್ಕ ಕೈಯಲ್ಲಿ ಮಾಡು.

ರಾತ್ರಿಯೆಲ್ಲ ದುಡಿದು ಬಂದು ಹಗಲು ರೋಹನ ಕೂಸನ್ನು ನೋಡಿಕೊಳ್ಳುತ್ತಾನೆ ಎಂದು ಬರೆದಿದ್ದೀಯ. ಒಳ್ಳೆಯದು.

ಒಂದು ಮಾತು ಮರೆಯಬೇಡ. ಹೊರಡುವ ಮುಂಚೆ ಕೂಸಿಗೆ ಉಡದಾರ ಕಟ್ಟಿದ್ದೆ, ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟಿದ್ದೆ. ಈ ವಯಸ್ಸಿನಲ್ಲಿ ಮಕ್ಕಳ ನಡು ತಿಂಗಳಿಗೊಂದು ಅಳತೆ. ಇದರೊಳಗೆ ಹೊಸ ಕರಿದಾರ ಇಟ್ಟಿದ್ದೇನೆ. ಮೊದಲು ಇದನ್ನು ಕಟ್ಟಿ ಆಮೇಲೆ ಹಳೆಯದನ್ನು ಬಿಚ್ಚು. ಬರಿನಡುವಿನಲ್ಲಿ ಬಿಡಬಾರದು. ಗಂಟು ಬಿಚ್ಚಲು ಬಾರದಿದ್ದರೆ ಎಣ್ಣೆ ಹಚ್ಚಿ ಸಡಿಲ ಮಾಡು, ಕತ್ತರಿ ಮಾತ್ರ ಮುಟ್ಟಿಸಬೇಡ.

ನೀಲವ್ವ


ಹೇಸ್
೬ ಜುಲೈ ೨೦೨೫

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದವೂ ದಾರವೂ ಮಂಗಳವಾರ ತಲುಪಿದವು. ಕಟ್ಟುತ್ತೇನೆ.

ಎರಡು ವಾರ ಮುಗಿದವು. ಗಣಿತ ಪರವಾಗಿಲ್ಲ. ಭೌತಶಾಸ್ತ್ರದ ಸೂತ್ರಗಳನ್ನು ಬಾತ್‌ರೂಮಿನ ಟೈಲ್ಸಿಗೆ ಅಂಟಿಸಿದ್ದೇನೆ, ಕೂಸಿಗೆ ನೀರು ಹಾಕುತ್ತಾ ಓದುತ್ತೇನೆ. ತರಗತಿಯಲ್ಲಿ ಎಲ್ಲರೂ ಹತ್ತೊಂಬತ್ತು ಇಪ್ಪತ್ತರವರು. ಪಕ್ಕದಲ್ಲಿ ಕೂರುವ ಹುಡುಗಿ ನನ್ನನ್ನು "ಮಿಸ್" ಎಂದು ಕರೆದಳು, ಪಾಠ ಮಾಡಲು ಬಂದವಳು ಎಂದುಕೊಂಡು!

ಶಮಂತನಿಗೆ ಜ್ವರ, ಕೆಮ್ಮು ಬಂದಿತ್ತು. ಈಗ ಇಳಿದಿದೆ. ಅದಕ್ಕೆ ಒಂದು ದಿನ ಹೋಗಲಾಗಲಿಲ್ಲ. ಇನ್ನು ಉಳಿದದ್ದು ಒಂದೇ ಗೈರು.

ನಿದ್ದೆ ಸರಿಯಾಗಿ ಬರುತ್ತಿಲ್ಲ. ಬೇರೇನೂ ಇಲ್ಲ.

ಸುವರ್ಣಾ


ಹೇಸ್
೧೧ ಜುಲೈ ೨೦೨೫, ಶುಕ್ರವಾರ

ಅತ್ತೆಯವರೇ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಹೇಗೆ ಬರೆದರೂ ಇದು ಒಳ್ಳೆಯದಾಗುವುದಿಲ್ಲ ಎಂದು ಗೊತ್ತಾದ ಮೇಲೆ ಬರೆಯುತ್ತಿದ್ದೇನೆ.

ಕೂಸಿಗೆ ಏನೂ ಆಗಿಲ್ಲ. ಅದನ್ನು ಮೊದಲು ಓದಿಕೊಳ್ಳಿ.

ಇವರು ರಾತ್ರಿ ಪಾಳಿ ಹಾಕಿಸಿಕೊಂಡಿಲ್ಲ. ಕೇಳಿದರು, ಆಫೀಸಿನವರು ಕೊಡಲಿಲ್ಲ. ಜೂನ್ ೧೬ರಿಂದ ಶಮಂತ ನರ್ಸರಿಗೆ ಹೋಗುತ್ತಿದ್ದಾನೆ. ಬೆಳಿಗ್ಗೆ ಎಂಟೂವರೆಗೆ ಬಿಟ್ಟರೆ ಸಂಜೆ ನಾಲ್ಕರವರೆಗೆ ಪರರ ಕೈಯಲ್ಲೇ ಇರುತ್ತಾನೆ. ಬಿಟ್ಟು ಬರುವಾಗ ಅವನು ಅಳುವುದು ಗೇಟಿನವರೆಗೂ ಕೇಳಿಸುತ್ತದೆ. ನಿಮಗೆ ಹೇಳುವ ಧೈರ್ಯ ಆಗಲಿಲ್ಲ.

ಬುಧವಾರ ತರಗತಿಯಲ್ಲಿ ಇದ್ದಾಗ ನರ್ಸರಿಯಿಂದ ಫೋನ್ ಬಂತು. ಕೂಸಿನ ಬಟ್ಟೆ ಬದಲಿಸುವಾಗ ಅವನ ನಡುವಿನ ಸುತ್ತ ಕೆಂಪು ಗೆರೆ ಕಂಡಿತಂತೆ, ಎಡಗಡೆ ಚರ್ಮ ಒಡೆದಿತ್ತಂತೆ. ಮಕ್ಕಳ ಮೈಮೇಲೆ ದಾರ ಇರಬಾರದು ಎಂದು ಅವರ ನಿಯಮ. ಮ್ಯಾನೇಜರ್ ಹೇಳಿದರು, ಅವನನ್ನು ನೋಡಿಕೊಳ್ಳುವ ಜಸ್ಲೀನ್ ಎಂಬ ಹುಡುಗಿ ಉಡದಾರವನ್ನು ಕತ್ತರಿಸಿಬಿಟ್ಟಳು.

ನಾನು ಓಡಿ ಹೋದಾಗ ಶಮಂತ ಬಾಳೆಹಣ್ಣು ತಿನ್ನುತ್ತಾ ಕೂತಿದ್ದ, ನನ್ನನ್ನು ನೋಡಿ ನಕ್ಕ. ದಾರ ಒಂದು ಪ್ಲಾಸ್ಟಿಕ್ ಚೀಲದಲ್ಲಿತ್ತು. ಚೀಲದ ಮೇಲೆ ತಾರೀಖು, ಸಮಯ, ಅವನ ಹೆಸರು. ಪೊಲೀಸರು ಸಾಕ್ಷಿ ಇಟ್ಟ ಹಾಗೆ. ಜಸ್ಲೀನ್ ಸೌತ್‌ಹಾಲಿನ ಪಂಜಾಬಿ ಹುಡುಗಿ. "ದೀದಿ, ನಮ್ಮನೇಲೂ ಕಟ್ತಾರೆ, ನಂಗೊತ್ತು. ಏನ್ಮಾಡ್ಲಿ, ರೂಲ್ಸು," ಎಂದು ಹಿಂದಿಯಲ್ಲಿ ಹೇಳಿ ಮುಖ ಆ ಕಡೆ ಮಾಡಿದಳು.

ಉಡದಾರಕ್ಕೆ ಕತ್ತರಿ ಬೀಳುವುದು ಯಾವಾಗ ಎಂದು ನನಗೂ ಗೊತ್ತು ಅತ್ತೆಯವರೇ. ಮಾವನವರನ್ನು ಮಣ್ಣಿಗೆ ಒಯ್ಯುವ ಮುಂಚೆ ಅಡಿವೆಪ್ಪ ಕಾಕಾ ಕತ್ತರಿ ಹಿಡಿದು ಒಳಗೆ ಬಂದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಬುಧವಾರದಿಂದ ಕೂಸು ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತೇನೆ. "ಓದಿದಾಕಿ ನೀನು, ಹಿಂಗ ಮಾಡತಿಯಲ್ಲ" ಎನ್ನುತ್ತಾರೆ ಇವರು. ಎಂದವರು ತಾವೂ ಎದ್ದು ಬಂದು ನೋಡಿ ಹೋಗುತ್ತಾರೆ.

ಇದಕ್ಕಿಂತ ಕೆಟ್ಟದ್ದು ಇನ್ನೂ ಬರೆದಿಲ್ಲ.

ನಿನ್ನೆ ಮ್ಯಾನೇಜರ್ ನನ್ನನ್ನು ಕರೆಸಿದರು. ಬುಧವಾರ ಹಾಜರಿ ಹಾಕಿಸಿಯಾಗಿತ್ತು, ನಿನ್ನೆ ತರಗತಿಗೇ ಹೋಗಲಾಗಲಿಲ್ಲ. ಎರಡನೆಯ ಗೈರೂ ಮುಗಿಯಿತು. ಮೇಜಿನ ಮೇಲೆ ಒಂದು ಫಾರಂ. "ಇದನ್ನು ಕಟ್ಟಿದ್ದು ಯಾರು?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆದರಿದೆ. ಇಲ್ಲಿ ತಂದೆತಾಯಿಯಿಂದ ಮಕ್ಕಳನ್ನು ಬಿಡಿಸಿ ಕರೆದುಕೊಂಡು ಹೋಗುವ ಸರ್ಕಾರದವರು ಸಿಟ್ಟು ಮಾಡುವುದಿಲ್ಲ ಎಂದು ಯಾರೋ ಹೇಳಿದ್ದು ನೆನಪಾಯಿತು.

"ನಮ್ಮ ಅತ್ತೆ" ಎಂದೆ.

"ನಿಮಗೆ ಒಪ್ಪಿಗೆ ಇತ್ತೆ?"

"ಇರಲಿಲ್ಲ. ಬೇಡ ಅಂದರೂ ಬಿಗಿಯಾಗಿ ಕಟ್ಟಿ ಹೋದರು."

ಅವರು ಎಲ್ಲವನ್ನೂ ಬರೆದುಕೊಂಡರು. ಹೆಸರು ಕೇಳಿದರು. ನಿಮ್ಮ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

ನೀವು ಸಡಿಲವಾಗಿಯೇ ಕಟ್ಟಿದ್ದಿರಿ. ಬಿಗಿ ಮಾಡಿದ್ದು ನಾನು. ನರ್ಸರಿಗೆ ಸೇರಿಸುವ ಹಿಂದಿನ ದಿನ ಅದು ಜಾರಿ ಜಾರಿ ಕೆಳಗೆ ಬರುತ್ತಿತ್ತು. ಅವರಿಗೆ ಕಂಡರೆ ತೆಗೆಸುತ್ತಾರೆ ಎಂದು ಬನಿಯನ್ನಿನ ಒಳಗೆ ಸೇರುವಷ್ಟು ಮೇಲಕ್ಕೆ ಎಳೆದು ಮೂರು ಗಂಟು ಹಾಕಿದೆ. ಆಮೇಲೆ ಅದನ್ನು ಸರಿಯಾಗಿ ನೋಡಲೇ ಇಲ್ಲ. ಸ್ನಾನ ಮಾಡಿಸುವಾಗ ಕೈ ಕೂಸಿನ ಮೇಲೆ, ಕಣ್ಣು ಸೂತ್ರದ ಮೇಲೆ. ನೀವು ಕಳಿಸಿದ ದಾರ ಎಂಟು ದಿನ ಅಡುಗೆಮನೆಯ ಡ್ರಾಯರಿನಲ್ಲಿ ಬಿದ್ದಿತ್ತು.

ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಯ ಮಕ್ಕಳ ರಕ್ಷಣೆಯವರಿಗೆ ತಿಳಿಸುತ್ತಾರಂತೆ, ಅವರು ಮನೆಗೆ ಬರಬಹುದಂತೆ. ಇವರಿಗೆ ದಾರದ ವಿಷಯ ಹೇಳಿದ್ದೇನೆ. ನಿಮ್ಮ ಹೆಸರು ಹೇಳಿದ್ದನ್ನು ಹೇಳಿಲ್ಲ.

ಬೈಯಿರಿ. ಆದರೆ ಬರೆಯಿರಿ.

ಸುವರ್ಣಾ


ವಿಜಯಪುರ
೨೪ ಜುಲೈ ೨೦೨೫

ಸುವರ್ಣಾಗೆ.

ಕಾಗದ ನಿನ್ನೆ ಬಂತು. ಪ್ರಭಾ ಮನೆಯಲ್ಲಿ ಇರಲಿಲ್ಲ, ಚಲೋ ಆಯಿತು.

ಮೊದಲನೆಯ ಕಾಗದದಲ್ಲೇ ನನಗೆ ಗೊತ್ತಾಗಿತ್ತು. ತನ್ನ ಕಾಲ್ಚೀಲ ಎಲ್ಲಿವೆ ಎಂದು ಗೊತ್ತಿಲ್ಲದ ರೋಹನ ಹಗಲೆಲ್ಲ ಕೂಸನ್ನು ನೋಡಿಕೊಳ್ಳುತ್ತಾನೆ ಎಂದು ಬರೆದರೆ ನಾನು ನಂಬಬೇಕೇ? ಕೇಳಲಿಲ್ಲ. ಕೇಳಿದ್ದರೆ ನೀನು ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು.

ನನ್ನ ಹೆಸರು ಬರೆದುಕೊಂಡರೆ ಬರೆದುಕೊಳ್ಳಲಿ. ಲಂಡನ್ನಿನಿಂದ ಇಲ್ಲಿಗೆ ಬಂದು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆಯೇ? ಅದರಿಂದ ನನಗೆ ನೋವಾಗಲಿಲ್ಲ. "ನಿಮಗೆ ಹೇಳುವ ಧೈರ್ಯ ಆಗಲಿಲ್ಲ" ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದೆ.

ಒಂದು ಸಂಗತಿ ಹೇಳುತ್ತೇನೆ, ರೋಹನನಿಗೆ ಇವತ್ತಿನವರೆಗೂ ಹೇಳಿಲ್ಲ. ಅವನು ವರ್ಷದವನಿದ್ದಾಗ ನನಗೆ ಇಂಡಿ ಕಡೆಯ ಹಳ್ಳಿಯ ಶಾಲೆಗೆ ವರ್ಗವಾಯಿತು. ಬಿಟ್ಟು ಹೋಗಲು ಯಾರೂ ಇರಲಿಲ್ಲ. ಅವನನ್ನು ಕರೆದುಕೊಂಡು ಹೋಗಿ ಮೇಜಿನ ಕೆಳಗೆ ಮಲಗಿಸಿ ಪಾಠ ಮಾಡುತ್ತಿದ್ದೆ. ಒಂದು ದಿನ ಹೇಳದೆ ಕೇಳದೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. "ಟೀಚರ್, ಇದ್ಯಾರ ಕೂಸು?" ಎಂದರು. ನೌಕರಿಯೇ ಹೋಯಿತು ಎಂದುಕೊಂಡೆ. "ಕಸಾ ಹೊಡಿಯಾಕಿ ಕೂಸ್ರಿ ಸಾಹೇಬ್ರ" ಎಂದೆ. ಅಷ್ಟರಲ್ಲಿ ಅವನು ಎದ್ದು ನನ್ನ ಸೀರೆ ಹಿಡಿದು "ಅವ್ವಾ" ಎಂದ. ಸಾಹೇಬರು ನಕ್ಕರು. ಮಕ್ಕಳೂ ನಕ್ಕವು. ನನಗೆ ನಗು ಬರಲಿಲ್ಲ.

ಕತ್ತರಿಯ ವಿಷಯಕ್ಕೆ ನಾನೂ ಹೆದರಿದೆ, ಇಲ್ಲ ಎನ್ನಲಾರೆ. ಗುಡಿಗೆ ಹೋಗಿ ತಾಸುಗಟ್ಟಲೆ ಕೂತೆ. ಚರ್ಮ ಕೊಯ್ಯುತ್ತಿದ್ದ ದಾರವನ್ನು ಆ ಹುಡುಗಿ ತೆಗೆದಳು. ನಾನು ಅಲ್ಲಿ ಇದ್ದಿದ್ದರೆ ತೆಗೆಯುತ್ತಿದ್ದೆನೋ, ಎಣ್ಣೆ ಹಚ್ಚುತ್ತಾ ಕೂರುತ್ತಿದ್ದೆನೋ, ನನಗೆ ಗೊತ್ತಿಲ್ಲ.

ಹೋಗಿ ಖರೆ ಹೇಳು. ನನ್ನ ಸಲುವಾಗಿ ಅಲ್ಲ. ಸುಳ್ಳು ಹೇಳಿದವರು ಅದನ್ನು ನೆನಪಿಟ್ಟುಕೊಂಡು ಬದುಕಬೇಕು, ನಿನಗೆ ನೆನಪಿಡಲು ಸೂತ್ರಗಳೇ ಸಾಕಷ್ಟಿವೆ. ಪರೀಕ್ಷೆ ತಪ್ಪಿಸಬೇಡ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ಒಂದನೆಯ ತಾರೀಖಿನ ಒಳಗೆ ನಿನ್ನ ಕೈ ಸೇರಲಿ.

ನೀಲವ್ವ


ಹೇಸ್
೨೭ ಜುಲೈ ೨೦೨೫, ಭಾನುವಾರ

ಅತ್ತೆಯವರೇ,

ನಿಮ್ಮ ಉತ್ತರ ಬಂದಿಲ್ಲ. ಹದಿನಾರು ದಿನವಾಯಿತು. ಅಂಚೆ ತಡವೋ, ನೀವೇ ಬರೆಯಲಿಲ್ಲವೋ ತಿಳಿಯದು. ಬರೆಯದಿದ್ದರೂ ತಪ್ಪಿಲ್ಲ.

ಬುಧವಾರ ಮೂವತ್ತಕ್ಕೆ ಕೌನ್ಸಿಲ್‌ನಿಂದ ಒಬ್ಬರು ಮನೆ ನೋಡಲು ಬರುತ್ತಾರಂತೆ, ಸಂಜೆ ಐದಕ್ಕೆ. ಮನೆಯ ಯಾವ ಮೂಲೆ ನೋಡಿದರೂ ತಪ್ಪು ಕಾಣುತ್ತದೆ. ಕೂಸು ಬೀಳದ ಹಾಗೆ ಮೆಟ್ಟಿಲಿಗೆ ಗೇಟಿಲ್ಲ. ಗಾಯ ಪೂರಾ ಮಾಗಿದೆ, ಆದರೂ ದಿನಾ ಬೆಳಿಗ್ಗೆ ಅವನನ್ನು ಕಿಟಕಿಯ ಬೆಳಕಿಗೆ ಹಿಡಿದು ತಲೆಯಿಂದ ಪಾದದವರೆಗೆ ನೋಡುತ್ತೇನೆ. ಇವತ್ತು ಮೊಣಕಾಲಿನ ಮೇಲೆ ಒಂದು ಕಂದು ಕಲೆ ಕಂಡಿತು. ತೊಳೆದರೆ ಹೋಯಿತು, ಬಿಸ್ಕತ್ತು.

ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಶುಕ್ರವಾರದ ಪರೀಕ್ಷೆಗೆ ಹೋಗುವುದಿಲ್ಲ. ಕಾಲೇಜಿಗೆ ಬರೆಯಬೇಕಾದ ಇಮೇಲ್ ಬರೆದು ಇಟ್ಟಿದ್ದೇನೆ, ಕಳಿಸುವುದೊಂದೇ ಬಾಕಿ. ಓದುವ ತಾಯಿಯ ಕೂಸಿನ ಮೈಮೇಲೆ ಗಾಯವಾಯಿತು, ಮನೆಯಲ್ಲಿ ಕೂತ ತಾಯಿಯ ಕೂಸಿಗೆ ಆಗುತ್ತಿರಲಿಲ್ಲ. ಅವರು ಕೇಳುವ ಮುಂಚೆಯೇ ಓದು ಬಿಟ್ಟಿದ್ದೇನೆ ಎಂದು ಹೇಳಿಬಿಟ್ಟರೆ ಕೂಸನ್ನು ನನ್ನ ಹತ್ತಿರ ಬಿಡುತ್ತಾರೇನೋ.

"ಒಂದು ವರ್ಷ ಮಣ್ಣು ಹೊತ್ತು ಮನಿ ಕಟ್ಟಿ, ಬಾಗಲಾ ಹಚ್ಚೂ ಹೊತ್ತಿಗೆ ಬಿಟ್ಟು ಹೊಂಟಿ?" ಎಂದರು ಇವರು. ಜಗಳವಾಯಿತು. ಈಗ ಕೂಸನ್ನು ಎತ್ತಿಕೊಂಡು ಪಾರ್ಕಿಗೆ ಹೋಗಿದ್ದಾರೆ. ಬಾಗಿಲು ಸದ್ದಾದರೆ ಇವರೋ ಬೇರೆ ಯಾರೋ ಎಂದು ಪೆನ್ನು ನಿಲ್ಲುತ್ತದೆ.

ಸುವರ್ಣಾ


ಹೇಸ್
೩ ಆಗಸ್ಟ್ ೨೦೨೫, ಭಾನುವಾರ

ಅತ್ತೆಯವರಿಗೆ,

ನಿಮ್ಮ ಕಾಗದ ನಿನ್ನೆ, ಶನಿವಾರ ಬಂತು. ಒಂದನೆಯ ತಾರೀಖು ದಾಟಿ ಒಂದು ದಿನ. ಓದಿ ಅತ್ತುಬಿಟ್ಟೆ. ಆಮೇಲೆ "ಅವ್ವಾ" ಎಂದ ಕಡೆ ಬಂದಾಗ ಜೋರಾಗಿ ನಕ್ಕೆ. ಇವರು ಯಾಕೆ ಎಂದರು, ಹೇಳಿಲ್ಲ. ಅದು ನೀವು ಹೇಳಬೇಕಾದ್ದು.

ಬುಧವಾರ ಕೌನ್ಸಿಲ್‌ನವರು ಬಂದರು. ನಮ್ಮ ಪ್ರಭಾ ಅಕ್ಕನ ವಯಸ್ಸಿನ ಹೆಂಗಸು, ಕಾಲಿಗೆ ಕ್ಯಾನ್ವಾಸ್ ಶೂ. ಚಹಾ ಬೇಡ ಎಂದರು, ನೀರು ಕುಡಿದರು. ಫ್ರಿಜ್ಜು, ಮಂಚ, ಮೆಟ್ಟಿಲು ನೋಡಿದರು. ಶಮಂತ ಅವರ ಗುರುತಿನ ಚೀಟಿಯ ಪಟ್ಟಿ ಹಿಡಿದು ಎಳೆದ. ಅವನ ಬೆರಳು ಬಿಡಿಸಿ ಎತ್ತಿಕೊಂಡೆ.

ಕೂತು ಫೈಲು ತೆರೆದು ಕೇಳಿದರು: "ಮಗುವಿನ ಅಜ್ಜಿ ಮತ್ತೆ ಬರುತ್ತಾರೆಯೇ?"

"ಅಕ್ಟೋಬರಿನಲ್ಲಿ ಬರಬಹುದು."

"ಬಂದರೆ ಮಗುವನ್ನು ಅವರೊಬ್ಬರ ಜೊತೆ ಬಿಡುವ ಬಗ್ಗೆ ನಾವು ಮಾತಾಡಬೇಕಾಗುತ್ತದೆ. ನೀವು ಬೇಡವೆಂದರೂ ಹೀಗೆ ಮಾಡಿದವರು."

ಏಳು ತಿಂಗಳು ಅವನನ್ನು ಕಾಲ ಮೇಲೆ ಹಾಕಿಕೊಂಡು ಎರೆದವರು ನೀವು. ಇವರು ಮಾತಾಡಲಿ ಎಂದು ಇವರ ಮುಖ ನೋಡಿದೆ. ಇವರಿಗೇನು ಗೊತ್ತು, ಬಾಯಿ ತೆರೆದು ಕೂತಿದ್ದರು. "ಏನದು? ಅವ್ವ ಏನ್ ಮಾಡ್ಯಾಳ?" ಎಂದು ನನ್ನನ್ನೇ ಕೇಳಿದರು.

ಹೇಳಿಬಿಟ್ಟೆ. ಅತ್ತೆ ಕಟ್ಟಿದ್ದು ಸಡಿಲವಾಗಿತ್ತು, ಬಿಗಿ ಮಾಡಿದವಳು ನಾನು, ಬದಲಿಸು ಎಂದು ಅವರು ಹೊಸದನ್ನು ಕಳಿಸಿದ್ದರು, ಡ್ರಾಯರಿನಲ್ಲಿದೆ ನೋಡಿ ಎಂದೆ. ತೆಗೆದು ತೋರಿಸಿದೆ ಕೂಡ.

ಅವರು ಬರೆಯುವುದನ್ನು ನಿಲ್ಲಿಸಿದರು. "ಹಾಗಾದರೆ ಅವತ್ತು ಯಾಕೆ ಸುಳ್ಳು ಹೇಳಿದಿರಿ?"

"ಹೆದರಿ."

"ಯಾರಿಗೆ?"

"ನಿಮಗೆ."

ಫೈಲಿನಲ್ಲಿ ಏನೋ ಬರೆದರು. ಆಮೇಲೆ ಕೈ ತೊಳೆಯಬೇಕು ಎಂದು ಎದ್ದು ಬಾತ್‌ರೂಮಿಗೆ ಹೋದರು. ಅಲ್ಲಿಂದಲೇ, ಟೈಲ್ಸಿನ ಮೇಲೆ ಇವೆಲ್ಲ ಏನು, ಪರೀಕ್ಷೆ ಯಾವಾಗ ಎಂದು ಕೇಳಿದರು. ಶುಕ್ರವಾರ, ಆದರೆ ನಾನು ಹೋಗುವುದಿಲ್ಲ, ಓದು ಬಿಡುತ್ತಿದ್ದೇನೆ ಎಂದೆ. ಇದನ್ನು ಕೇಳಿ ಖುಷಿಪಡುತ್ತಾರೆ ಎಂದುಕೊಂಡಿದ್ದೆ.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, "ಬಿಡಿ ಎಂದು ಯಾರು ಹೇಳಿದರು?" ಎಂದರು.

"ಯಾರೂ ಇಲ್ಲ. ನಾನೇ."

"ನಾನಂತೂ ಹೇಳಿಲ್ಲ," ಎಂದರು. ಅಷ್ಟೇ. ಇನ್ನೊಂದು ಸಲ ಬರಬಹುದು, ಪತ್ರ ಕಳಿಸುತ್ತೇವೆ, ಸ್ನಾನದ ಹೊತ್ತಿನಲ್ಲಿ ಸೂತ್ರ ಓದಬೇಡಿ ಎಂದು ಹೇಳಿ ಹೋದರು. ಇವರು ಆ ರಾತ್ರಿಯೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಟೈಲ್ಸಿನಿಂದ ಚೀಟಿಗಳನ್ನು ಕಿತ್ತು, ಒಂದೂ ಹರಿಯದ ಹಾಗೆ ಅಡುಗೆಮನೆಯ ಗೋಡೆಗೆ ಅಂಟಿಸುತ್ತಿದ್ದರು.

ಕಾಲೇಜಿಗೆ ಬರೆದಿಟ್ಟ ಇಮೇಲ್ ಕಳಿಸಲಿಲ್ಲ, ಶುಕ್ರವಾರ ಪರೀಕ್ಷೆಗೆ ಹೋದೆ. ಫೋನುಗಳನ್ನು ಆರಿಸಿ ಮುಂದಿನ ಮೇಜಿನ ಪೆಟ್ಟಿಗೆಯಲ್ಲಿ ಹಾಕಬೇಕು. ಎರಡು ಗಂಟೆ. ಆ ಎರಡು ಗಂಟೆಯಲ್ಲಿ ನರ್ಸರಿಯಲ್ಲಿ ಏನೇ ಆದರೂ ನನಗೆ ಗೊತ್ತಾಗುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ಪೆಟ್ಟಿಗೆಯನ್ನೇ ನೋಡುತ್ತಾ ಕೂತೆ. ಎದ್ದು ಹೋಗಲು ಕುರ್ಚಿಯನ್ನು ಹಿಂದಕ್ಕೆ ಸರಿಸಿಯೂ ಬಿಟ್ಟೆ. ಮೇಲ್ವಿಚಾರಕರು ತಲೆ ಎತ್ತಿ ನೋಡಿದರು. ಇನ್ನೊಂದು ಹಾಳೆ ಬೇಕೆ ಎಂದು ಸನ್ನೆ ಮಾಡಿದರು. ಬೇಕು ಎಂದು ತಲೆಯಾಡಿಸಿದೆ. ತಂದುಕೊಟ್ಟ ಮೇಲೆ ಬರೆಯಲೇಬೇಕಲ್ಲ, ಬರೆದೆ.

ಹೊರಗೆ ಬಂದು ಫೋನ್ ಹಚ್ಚಿದರೆ ಒಂದೂ ಕರೆ ಬಂದಿರಲಿಲ್ಲ. ಅದಕ್ಕೂ ಹೆದರಿದೆ.

ನಿಮ್ಮ ಸೊಸೆ
ಸುವರ್ಣಾ


ಹೇಸ್
೧೬ ಸೆಪ್ಟೆಂಬರ್ ೨೦೨೫, ಮಂಗಳವಾರ

ಅತ್ತೆಯವರಿಗೆ ನಮಸ್ಕಾರ.

ಅರವತ್ತನಾಲ್ಕು ಬಂದ ಸುದ್ದಿಯನ್ನು ಇವರು ಫೋನಿನಲ್ಲಿ ಕಿರುಚಿ ಹೇಳಿದ್ದಾರೆ, ಪಕ್ಕದ ಮನೆಯವರೂ ಅಭಿನಂದಿಸಿದರು. ಕೌನ್ಸಿಲ್‌ನಿಂದ ಪತ್ರ ಬಂದಿದೆ, ಮುಂದಿನ ಕ್ರಮ ಏನೂ ಇಲ್ಲ ಎಂದು. ನಿಮ್ಮ ವಿಷಯದಲ್ಲಿ ಬರೆದಿದ್ದನ್ನು ತಿದ್ದಿದ್ದಾರೆ. ನನ್ನ ವಿಷಯ ಹಾಗೆಯೇ ಇದೆ. ಇರಲಿ. ಆ ಪತ್ರವನ್ನು ಪಾಸ್‌ಪೋರ್ಟುಗಳ ಜೊತೆ ಇಟ್ಟಿದ್ದೇನೆ, ಆಗಾಗ ತೆಗೆದು ಓದುತ್ತೇನೆ, ಒಂದು ಪದವನ್ನೂ ತಪ್ಪಾಗಿ ತಿಳಿದಿಲ್ಲ ತಾನೇ ಎಂದು.

ಅಕ್ಟೋಬರಿನಲ್ಲಿ ನೀವು ಬರುವ ಮುಂಚೆ ಒಂದು ಮಾತು ಹೇಳಬೇಕು. ಐದು ತಿಂಗಳಾಯಿತು, ಶಮಂತ ನಿಮ್ಮನ್ನು ಕಂಡು ಅಳಬಹುದು. ಬೇಸರ ಮಾಡಿಕೊಳ್ಳಬೇಡಿ. ಅವನಿಗೆ ಈಗ ಎಲ್ಲದಕ್ಕೂ ಜಸ್ಲೀನ್ ಬೇಕು.

ನಿನ್ನೆ ಯೂನಿವರ್ಸಿಟಿಯಲ್ಲಿ ಮೊದಲ ದಿನ. ನರ್ಸರಿಯ ಬಾಗಿಲಲ್ಲಿ ಅವಳು ನಿಂತಿದ್ದಳು. ನಾನು ಇನ್ನೂ ಅವನ ಕೋಟಿನ ಗುಂಡಿ ಬಿಚ್ಚುತ್ತಿದ್ದೆ, ಅಷ್ಟರಲ್ಲಿ ಅವನು ಎರಡೂ ಕೈ ಚಾಚಿ ಅವಳ ಕಡೆ ಬಗ್ಗಿಬಿಟ್ಟ. "ಹೋಗಿ ದೀದಿ, ಲೇಟಾಗುತ್ತೆ," ಎಂದಳು. ದಿನಾ ಅವನ ಅಳು ಗೇಟಿನವರೆಗೂ ಬರುತ್ತಿತ್ತು. ಅದಕ್ಕೆಂದೇ ಹತ್ತು ನಿಮಿಷ ಬೇಗ ಹೊರಟಿದ್ದೆ, ಅತ್ತರೆ ಒಂದು ಸಲ ಒಳಗೆ ಹೋಗಿ ಬರಲು ಸಮಯ ಇರಲಿ ಎಂದು.

ಗೇಟಿನ ಹತ್ತಿರ ನಿಂತು ಕೇಳಿಸಿಕೊಂಡೆ. ಅಳು ಬರಲಿಲ್ಲ. ಆ ಹತ್ತು ನಿಮಿಷ ಪೂರ್ತಿ ಅಲ್ಲಿಯೇ ನಿಂತಿದ್ದು, ಆಮೇಲೆ ಬಸ್ಸು ಹತ್ತಿದೆ.

ಸುವರ್ಣಾ